ಹಕ್ಕಿಗೊಂದು ಡ್ರಾಪ್

ಚುಕ್ಕೆ ಎರಡು ದಿನದಿಂದ ಅಲುಗಾಡಿರಲಿಲ್ಲ. ಎಲ್ಲ ರಗಳೆಯೂ ಶುರುವಾದದ್ದು ಅಲ್ಲಿಂದ.

ಚುಕ್ಕೆ ಅಂದರೆ ಪಾರು. ಪಾರು ಅಂದರೆ ಕೊಕ್ಕು ಕೆಳಕ್ಕೆ ಬಾಗಿದ, ಸಣ್ಣ ಹೇಂಟೆಯಷ್ಟು ದೊಡ್ಡ ಒಂದು ಕಂದು ಹಕ್ಕಿ. ದೂರದ ಸೈಬೀರಿಯಾದಲ್ಲಿ ಯಾರೋ ಅದರ ಬೆನ್ನಿಗೆ ಬೆಂಕಿಪೆಟ್ಟಿಗೆಗಿಂತ ಚಿಕ್ಕ ಯಂತ್ರವೊಂದನ್ನು ಪಟ್ಟಿಯಲ್ಲಿ ಕಟ್ಟಿ ಬಿಟ್ಟಿದ್ದರು. ಹಕ್ಕಿ ಹೋದಲ್ಲೆಲ್ಲ ಮೊಬೈಲಿನ ನಕ್ಷೆಯಲ್ಲಿ ಒಂದು ಕೆಂಪು ಚುಕ್ಕೆ ಸರಿಯುತ್ತಿತ್ತು. ಐದನೆಯ ತರಗತಿಯ ಶಹಾನಾ ಟೀಚರ್ ಅದನ್ನು ಮಕ್ಕಳಿಗೆ ತೋರಿಸಿ, ಅವರಿಂದಲೇ ಹೆಸರಿಡಿಸಿ, ಇಡೀ ತರಗತಿಗೆ ಹುಚ್ಚು ಹಿಡಿಸಿದ್ದರು.

ಮುರಳೀಕೃಷ್ಣನ ಮಗಳು ದೀಪ್ತಿಯಂತೂ ಗೋಡೆಯ ಭೂಪಟದ ಮೇಲೆ ನಲವತ್ತು ದಿನಗಳಿಂದ ಪೆನ್ಸಿಲ್ ಗೆರೆ ಎಳೆಯುತ್ತಿದ್ದಳು. ಹಿಮದ ಬೆಟ್ಟಗಳನ್ನು ದಾಟಿದ ಗೆರೆ ಈಗ ಅವರ ಮನೆಯ ಹತ್ತಿರದ ಮೊಗ್ರಾಲಿಗೆ ಬಂದು ನಿಂತಿತ್ತು. ಮುಂದೆ ಕಡಲು, ಕಡಲಾಚೆ ಆಫ್ರಿಕಾ. ಮೂರು ಹಗಲು, ಮೂರು ರಾತ್ರಿಯ ಹಾರಾಟ. ಕೂರಲು ಒಂದು ಕೊಂಬೆಯಿಲ್ಲ, ದಾರಿ ಕೇಳಲು ಒಂದು ಅಂಗಡಿಯಿಲ್ಲ. ನಕ್ಷತ್ರ ನೋಡಿಕೊಂಡೇ ಹೋಗುತ್ತದಂತೆ. ಆ ಗೆರೆಯನ್ನು ಆಫ್ರಿಕಾಕ್ಕೆ ಮುಟ್ಟಿಸುವುದೇ ದೀಪ್ತಿಯ ಆಸೆ.

"ಅಪ್ಪಾ, ಪಾರು ಇವತ್ತೂ ಅಲ್ಲೇ ಉಂಟು. ಅದಕ್ಕೆ ಜ್ವರ ಬಂದಿರಬಹುದಾ?" ಚೀಲ ಹೆಗಲಿಗೇರಿಸುವಾಗ ಅವಳ ಕಣ್ಣು ತುಂಬಿತ್ತು.

"ನೀನು ಶಾಲೆಗೆ ಹೋಗು. ಅಪ್ಪ ನೋಡಿಕೊಳ್ತೇನೆ," ಎಂದ ಮುರಳಿ.

"ನೀವಾ? ಮೊಬೈಲ್ ಹಿಡಿದುಕೊಂಡೂ ಮಂಗಳೂರಲ್ಲಿ ದಾರಿ ತಪ್ಪುವವರು!" ಅಡುಗೆಮನೆಯಿಂದ ಹೆಂಡತಿ ಶ್ರೀರಂಜಿನಿ ನಕ್ಕಳು.

ಆ ನಗೆಯೇ ಮುರಳಿಯನ್ನು ಎಬ್ಬಿಸಿದ್ದು. ಸೀತಾಂಗೋಳಿಯ ಕಾರ್ಖಾನೆಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುವ ಅವನು ಕೆಲಸಕ್ಕೆ ರಜೆ ಹೇಳಿ, ಸ್ಕೂಟರ್ ಹತ್ತಿದ.

ಚುಕ್ಕೆ ಇದ್ದದ್ದು ಹೊಳೆ ಕಡಲು ಸೇರುವಲ್ಲಿ, ಪರಿಚಯದ ಮುದುಕಿ ಉಮ್ಮಾಲಿಮ್ಮನ ಮನೆಯ ಹಿಂದೆ. ಹಕ್ಕಿ ಕೆಸರಿನ ಅಂಚಿನಲ್ಲಿ ಒಂಟಿಕಾಲಲ್ಲಿ ನಿಂತು, ಕೊಕ್ಕನ್ನು ರೆಕ್ಕೆಯೊಳಗೆ ಹುದುಗಿಸಿ ನಿದ್ದೆ ಮಾಡುತ್ತಿತ್ತು.

"ಅನ್ನ ಇಟ್ಟೆ ಮೋನೆ, ಮುಟ್ಟಲಿಲ್ಲ. ಮೀನು ಇಟ್ಟೆ, ಬೆಕ್ಕು ತಿಂತು," ಎಂದಳು ಉಮ್ಮಾಲಿಮ್ಮ; ಅವಳಿಗೆ ಎಲ್ಲರೂ ಮೋನೆಯೇ, ಮಗನೇ. "ಅದಕ್ಕೆ ಜ್ವರ ಗಿರ ಎಂತದೂ ಇಲ್ಲ. ನಾಲ್ಕು ಮಕ್ಕಳನ್ನು ದುಬೈಗೆ ಕಳಿಸಿದವಳು ನಾನು. ಹೊರಡುವ ಮೊದಲು ಎಲ್ಲರೂ ಹೀಗೇ ಮಂಕಾಗಿ ಕೂರುದು."

"ಇಲ್ಲ ಉಮ್ಮಾ, ಡಾಕ್ಟರಿಗೆ ತೋರಿಸಬೇಕು."

ಅಂಗಳದಲ್ಲಿ ಒಣಹಾಕಿದ್ದ ಬಲೆಯನ್ನು ಎತ್ತಿ ಮುರಳಿ ಬೀಸಿದ. ಮೊದಲ ಸಲ ಉಮ್ಮಾಲಿಮ್ಮನ ಹುಂಜ ಸಿಕ್ಕಿಬಿತ್ತು. ಎರಡನೆಯ ಸಲ ಅವನೇ ಸಿಕ್ಕಿಬಿದ್ದು ಮೊಣಕಾಲುದ್ದ ಕೆಸರಿಗಿಳಿದ. ಮೂರನೆಯ ಸಲ ಹಕ್ಕಿ. ಅದು ಅವನ ಹೆಬ್ಬೆರಳಿಗೆ ಎರಡು ಬಾರಿ ಕುಟ್ಟಿತು. ಅಷ್ಟು ಶಕ್ತಿ ಇರುವ ರೋಗಿ ಎಲ್ಲಿಯಾದರೂ ಉಂಟೇ ಎಂದು ಆಗಲೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಹೋಗುವುದು ಖಚಿತ ಎಂದಾದ ಮೇಲೆ ಉಮ್ಮಾಲಿಮ್ಮನಿಗೆ ಸುಮ್ಮನಿರಲಾಗಲಿಲ್ಲ. ಅವಳ ಮನೆಯಿಂದ ಯಾರೂ ಬರಿಗೈಯಲ್ಲಿ ದೂರದ ಪ್ರಯಾಣ ಹೊರಟದ್ದಿಲ್ಲ. ರಟ್ಟಿನ ಪೆಟ್ಟಿಗೆ ಬಂತು, ಒಳಗೆ ಬೈಹುಲ್ಲು ಬಂತು, "ದಾರಿಗೆ ಇರಲಿ" ಎಂದು ಬಾಳೆಕಾಯಿ ಚಿಪ್ಸಿನ ಪೊಟ್ಟಣವೂ ಬಂತು. "ಪಾಪ, ಪಟ್ಟಿ ತಾಗಿ ಬೆನ್ನು ಕೆಂಪಾಗಿದೆ," ಎಂದು ಒಂದು ಅಂಗೈ ತೆಂಗಿನೆಣ್ಣೆಯನ್ನು ಅಲ್ಲಿಗೆ ಸುರಿದು, ಮದುಮಗನಿಗೆ ಹಚ್ಚಿದ ಹಾಗೆ ತಿಕ್ಕಿದಳು. ಪೆಟ್ಟಿಗೆಗೆ ನಾಲ್ಕೂ ಕಡೆ ಹಗ್ಗ ಬಿಗಿದು, ಗಾಳಿಗೆ ತೂತು ಮಾಡಿ ಕೊಟ್ಟಳು. ಹೆಸರು, ವಿಳಾಸ ಬರೆಯುವುದೊಂದೇ ಬಾಕಿ.

ಉಪ್ಪಳದ ಕಡೆ ಹೆದ್ದಾರಿ ಬದಿಯ ಪಶು ಆಸ್ಪತ್ರೆಯಲ್ಲಿ ಡಾಕ್ಟರು ಯಾವುದೋ ಹಸುವಿನ ಹೆರಿಗೆಗೆ ಹೋಗಿದ್ದರು. ಚೀಟಿ ಬರೆಯುವ ಲತೀಶ್ ತಲೆ ಎತ್ತದೆ ಕೇಳಿದ.

"ಕೋಳಿಯಾ?"

"ಅಲ್ಲ, ವಲಸೆ ಹಕ್ಕಿ."

"ಯಾವ ಪಂಚಾಯತ್?"

"ಸೈಬೀರಿಯಾದಿಂದ ಬಂದದ್ದು."

"ಅದು ಎಷ್ಟನೇ ವಾರ್ಡು ಮಾರಾಯ್ರೆ?"

ಬೆಂಚಿನಲ್ಲಿದ್ದವರೆಲ್ಲ ಆಡು, ನಾಯಿಗಳನ್ನು ಬಿಟ್ಟು ಪೆಟ್ಟಿಗೆಯ ಸುತ್ತ ನೆರೆದರು. ಕುಂಞ ಎಂಬ ಮುದುಕನೊಬ್ಬ ತೂತಿಗೆ ಕಣ್ಣಿಟ್ಟು, "ಇದು ನಮ್ಮ ಗದ್ದೆಯ ಕೊಕ್ಕರೆಯೇ. ಬಿಸಿಲಿಗೆ ಕಪ್ಪಾದದ್ದು," ಎಂದು ತೀರ್ಪು ಕೊಟ್ಟ. ಒಬ್ಬಳು ಕರಿಮೆಣಸಿನ ಕಷಾಯ ಹೇಳಿದಳು.

ಅಷ್ಟರಲ್ಲಿ ಮುರಳಿಯ ಮೊಬೈಲ್ ಕಿಣಿಗುಟ್ಟಿತು. ಶಾಲೆಯ ಗ್ರೂಪಿನಲ್ಲಿ ದೀಪ್ತಿಯ ದನಿ. "ಪಾರು ಹೊರಟಿತು! ಹೆದ್ದಾರಿಯ ಮೇಲೆಯೇ ಹೋಗಿದೆ! ಆದರೆ ಕಡಲಿನ ಕಡೆ ಹೋಗುವ ಬದಲು ಉಪ್ಪಳದ ಕಡೆ ಯಾಕೆ ಹೋಯಿತು ಟೀಚರ್?" ಹಿನ್ನೆಲೆಯಲ್ಲಿ ಮಕ್ಕಳ ಚಪ್ಪಾಳೆ. ಅದರ ಕೆಳಗೆ ಶಹಾನಾ ಟೀಚರ್ ಬರೆದಿದ್ದರು: "ವಿಜ್ಞಾನಿಗಳನ್ನು ಕೇಳಿದೆ. ಎರಡು ದಿನ ನಿಂತದ್ದು ಕಾಯಿಲೆಯಿಂದಲ್ಲವಂತೆ. ಕಡಲು ದಾಟುವ ಮೊದಲು ಹೊಟ್ಟೆ ತುಂಬಿಸಿಕೊಂಡು ಒಳ್ಳೆಯ ಗಾಳಿಗೆ ಕಾಯುತ್ತವಂತೆ. ಯಾರೂ ಹತ್ತಿರ ಹೋಗಬಾರದಂತೆ."

ಮುರಳಿ ಪೆಟ್ಟಿಗೆ ಎತ್ತಿಕೊಂಡು ಸ್ಕೂಟರಿಗೆ ಓಡಿದ. ಏಳು ಸಾವಿರ ಕಿಲೋಮೀಟರು ತಪ್ಪದ ಹಕ್ಕಿಯನ್ನು ಅವನು ಒಂದೇ ಬೆಳಗಿನಲ್ಲಿ ದಾರಿ ತಪ್ಪಿಸಿದ್ದ.

ಹೆದ್ದಾರಿಯಲ್ಲಿ ಲಾರಿ ಕೆಟ್ಟು ವಾಹನಗಳೆಲ್ಲ ನಿಂತಿದ್ದವು. ಅವನು ತೂತಿಗೆ ಬಾಯಿಟ್ಟು ಮತ್ತೆ ಮತ್ತೆ, "ಸ್ವಲ್ಪ ತಡಿ ಪಾರು, ಈಗ ಮುಟ್ಟಿಸ್ತೇನೆ," ಎಂದ. ಪಕ್ಕದ ಬಸ್ಸಿನವರು ಕಿಟಕಿಯಿಂದ ಇಣುಕಿ ನೋಡಿದರು.

ಮೊಗ್ರಾಲಿಗೆ ಬಂದಾಗ ಬಿಸಿಲು ಇಳಿದಿತ್ತು. ಮರಳಿನಲ್ಲಿ ಪೆಟ್ಟಿಗೆ ಬಿಚ್ಚಿದ. ಹಕ್ಕಿ ಬೈಹುಲ್ಲಿನಲ್ಲಿ ಜೋರಾಗಿ ಮೈ ಕೊಡವಿ, ಹೊರಗೆ ಹಾರಿ, ನಾಲ್ಕು ಹೆಜ್ಜೆ ಓಡಿ ಏರಿತು. ಹೊಳೆಯನ್ನು ನೋಡಲಿಲ್ಲ, ಊರನ್ನು ನೋಡಲಿಲ್ಲ. ನೇರ ಪಡುವಣಕ್ಕೆ.

"ಮುಟ್ಟಿದ ಮೇಲೆ ಫೋನ್ ಮಾಡು ಮೋನೆ!" ಉಮ್ಮಾಲಿಮ್ಮ ಅಭ್ಯಾಸಬಲದಿಂದ ಕೂಗಿದಳು. ಕೂಗಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುರಳಿ ಖಾಲಿ ಪೆಟ್ಟಿಗೆಯನ್ನು ಸ್ಕೂಟರಿಗೆ ಕಟ್ಟಿಕೊಂಡ. ತಾನು ಮಾಡಿದ್ದು ಯಾರಿಗೂ ಗೊತ್ತಾಗುವುದಿಲ್ಲ, ಗೆರೆಯೂ ಮುಂದುವರಿಯುತ್ತದೆ ಎಂಬ ಸಮಾಧಾನದಲ್ಲಿ ಮನೆಗೆ ಬಂದ.

ಗೇಟಿನಲ್ಲೇ ದೀಪ್ತಿ ಕುಣಿಯುತ್ತಿದ್ದಳು. "ಅಪ್ಪಾ! ಪಾರು ನಮ್ಮ ಮನೆಗೇ ಬಂದಿದೆ! ನೋಡು, ಚುಕ್ಕೆ ನಮ್ಮ ಅಂಗಳದಲ್ಲೇ ಉಂಟು!"

ಮುರಳಿ ಮೆಲ್ಲನೆ ಸ್ಕೂಟರಿನ ಕಡೆ ತಿರುಗಿದ. ಪೆಟ್ಟಿಗೆಯೊಳಗೆ, ಬೈಹುಲ್ಲಿನ ನಡುವೆ, ಎಣ್ಣೆಯಲ್ಲಿ ಜಾರಿಬಿದ್ದ ಪಟ್ಟಿಯ ಸಮೇತ ಯಂತ್ರ ಮಿಣುಗುತ್ತಿತ್ತು.

ಸುಳ್ಳು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಎಲ್ಲವನ್ನೂ ಹೇಳಿದ. ದೀಪ್ತಿ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಯಂತ್ರವನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದಳು.

"ಹಾಗಾದರೆ ಪಾರು ಆಫ್ರಿಕಾಕ್ಕೆ ಮುಟ್ಟಿದ್ದು ನಮಗೆ ಗೊತ್ತೇ ಆಗುದಿಲ್ವಾ?"

"ಇಲ್ಲ ಮಗಾ."

"ನೀನು ಅದನ್ನು ಎತ್ತಿಕೊಂಡಿದ್ದೆಯಾ? ಕೈಯಲ್ಲಿ?" ಯಂತ್ರದ ಎಣ್ಣೆಯನ್ನು ಬೆರಳಿನಿಂದ ಒರೆಸುತ್ತ, "ಶಾಲೆಯ ಎದುರಿನಿಂದಲೇ ಹೋದದ್ದಲ್ವಾ? ನನ್ನನ್ನು ಒಮ್ಮೆ ಕರೆಯಬಹುದಿತ್ತು," ಎಂದಳು.

ಒಳಗಿನಿಂದ ಶ್ರೀರಂಜಿನಿಯೂ ಈ ಸಲ ನಗಲಿಲ್ಲ.

ದೀಪ್ತಿ ಪೆನ್ಸಿಲ್ ಹಿಡಿದು ಭೂಪಟದ ಮುಂದೆ ನಿಂತಳು. "ನಿನಗೆ ಎಲ್ಲಿಯ ತನಕ ಕಂಡಿತು ಅಪ್ಪಾ?"

"ದೂರದಲ್ಲಿ ಒಂದು ದೋಣಿ ಇತ್ತು. ಅದರ ಆಚೆ ತನಕ."

ಅವಳು ಅಷ್ಟು ಗೆರೆ ಎಳೆದಳು. ಭೂಪಟದಲ್ಲಿ ಅದು ಪೆನ್ಸಿಲಿನ ಮೊನೆಯಷ್ಟೂ ಬರಲಿಲ್ಲ.