ಅಜ್ಜಂಪುರದಿಂದ ಅರಬ್ಬಿ ಸಮುದ್ರಕ್ಕೆ

ಸಮುದ್ರವನ್ನೇ ಕಾಣದ ಸೀಮೆಯಲ್ಲಿ ಹುಟ್ಟಿ ನೌಕಾಪಡೆ ಸೇರಿದವನಿಗೆ ಶತ್ರುಗಳಿಗಿಂತ ಊರಿನವರದ್ದೇ ಪೀಕಲಾಟ ಜಾಸ್ತಿ. ರಜಕ್ಕೆ ಬಂದಾಗಲೆಲ್ಲ ಒಂದಲ್ಲ ಒಂದು ಆಗೇ ಆಗೋದು. ನಾನು ಅಪ್ಪಯ್ಯನಿಗೆ ಹೇಳದೆ ಓಡಿಹೋಗಿ ಸೇರಿದವನು. "ತೆಂಗಿನ ತೋಟ ಬಿಟ್ಟು ನೀರಿಗೆ ಬಿದ್ದ" ಅಂತ ಅವರು ನನ್ನ ಹತ್ತಿರ ಮಾತೇ ಬಿಟ್ಟಿದ್ದರು. ಅವರು ನಾಲ್ಕು ಜನರ ಎದುರು ನನ್ನ ಬಗ್ಗೆ ಹೆಮ್ಮೆಪಡಬೇಕು, ನನಗಿದ್ದದ್ದು ಅದೊಂದೇ ಆಸೆ.

ಬಿಳೀ ಯೂನಿಫಾರಂ

ಐವತ್ತರ ದಶಕದ ಮಾತು. ಮೊದಲ ರಜಕ್ಕೆ ಯೂನಿಫಾರಂ ಗರಿಗರಿ ಇಸ್ತ್ರಿ ಮಾಡಿಸಿ, ಟೋಪಿ ಇಟ್ಟು, ಅಜ್ಜಂಪುರ ಸ್ಟೇಷನ್ನಿನಲ್ಲಿ ಎದೆಯುಬ್ಬಿಸಿ ಇಳಿದೆ. ಅಪ್ಪಯ್ಯ ಬಂದಿರಲಿಲ್ಲ. ಪಕ್ಕದೂರಿನ ಗೌಡರೊಬ್ಬರು ನನ್ನ ನೋಡಿದ್ದೇ ಓಡೋಡಿ ಬಂದರು. ಪರವಾಗಿಲ್ಲ, ಸಿಪಾಯಿ ಅಂದ್ರೆ ಮರ್ಯಾದೆ ಇದೆ ಅಂದುಕೊಂಡೆ.

"ಏನಪ್ಪಾ, ನೀನೊಬ್ನೇ ಬಂದ್ಬಿಟ್ಯಲ್ಲ, ಉಳಿದೋರೆಲ್ಲಿ?"

"ಯಾರು ಗೌಡ್ರೇ?"

"ಬ್ಯಾಂಡ್ ಸೆಟ್ನೋರು ಕಣಯ್ಯ! ನಾಳೆ ನಮ್ಮನೇಲಿ ಮದ್ವೆ, ಡೋಲು ಬಡಿಯೋರ್ ಯಾರು?"

ಗೋವಾ

ಗೋವಾ ಬಿಡುಗಡೆಗೆ ನಮ್ಮ ಹಡಗೂ ಹೋಗಿತ್ತು. ಆಮೇಲೆ ಊರಿಗೆ ಬಂದರೆ ಜಗುಲಿ ತುಂಬ ಜನ. ಅಪ್ಪಯ್ಯ ಬಾಗಿಲ ಮರೆಯಲ್ಲಿ ಕಿವಿಗೊಟ್ಟು ನಿಂತಿದ್ದರು.

"ತೋಪು ಹಾರಿಸಿದ್ಯೇನೋ?" ಅಂತ ಒಬ್ಬರು ಕೇಳಿದರು.

"ಇಲ್ಲ ಮಾವ, ನಾನು ಕೆಳಗೆ ಬಾಯ್ಲರ್ ನೋಡ್ಕೊಳ್ಳೋನು. ಉರಿ ಆರಬಾರದು, ನೀರು ಕಾಯ್ತಿರಬೇಕು, ಹಬೆ ನಿಂತ್ರೆ ಹಡಗೇ ನಿಂತುಹೋಗುತ್ತೆ."

ಸುಳ್ಳಲ್ಲ ಕಣ್ರೀ, ಆ ಬೆಂಕಿ ಮುಂದೆ ನಿಂತದ್ದಕ್ಕೆ ನನಗೆ ಇವತ್ತಿಗೂ ಹೆಮ್ಮೆ. ಆದರೆ ಅಪ್ಪಯ್ಯ ಈಚೆ ಬಂದರು. ವರ್ಷಗಟ್ಟಲೆ ಆದಮೇಲೆ ನನ್ನ ಹತ್ತಿರ ಆಡಿದ ಮೊದಲ ಮಾತು ಅದು:

"ಲೇ, ನೀರು ಕಾಯ್ಸೋಕೆ ಗೋವಾಕ್ಕೆ ಹೋಗ್ಬೇಕಿತ್ತೇನೋ? ಬಚ್ಚಲೊಲೆಗೆ ಉರಿ ಹಾಕೋ ಅಂತ ನಿಮ್ಮವ್ವ ಇಲ್ಲೇ ಬಡ್ಕೊತಿದ್ಲಲ್ಲೋ!"

ಹರಿಗೋಲು

ಅರವತ್ತೈದರ ಯುದ್ಧದಲ್ಲಿ ಅಪ್ಪಯ್ಯ ದಿನಾ ಮೇಷ್ಟ್ರ ಮನೆ ರೇಡಿಯೋ ಮುಂದೆ ಕೂತಿರುತ್ತಿದ್ದರಂತೆ. ಅವ್ವ ಗುಟ್ಟಾಗಿ ಹೇಳಿದಳು. ನನ್ನೆದುರು ಮಾತ್ರ ಅದೇ ಗಂಟುಮುಖ.

ನಾನು ಸರ್ವಿಸ್ ಮುಗಿಸಿ ಬಂದ ವರ್ಷ ಬುಕ್ಕಾಂಬುಧಿ ಕೆರೆ ತುಂಬಿ ಕೋಡಿ ಬಿತ್ತು. ಪೂಜಾರಪ್ಪ ಹರಿಗೋಲಿನಲ್ಲಿ ಕೆರೆಯೊಳಕ್ಕೆ ಹೋಗಿ ಗಂಗಮ್ಮನಿಗೆ ಬಾಗಿನ ಬಿಡೋದು ನಮ್ಮ ಪದ್ಧತಿ. ಹರಿಗೋಲಿನವನು ಹುಟ್ಟು ಹಿಡಿದಿದ್ದ. ಅಪ್ಪಯ್ಯ ಅದನ್ನು ಕಸಿದು ನನ್ನ ಕೈಗೆ ಕೊಟ್ಟುಬಿಟ್ಟರು.

"ಅಪ್ಪಯ್ಯ, ನಾನು ಬಾಯ್ಲರಿನವನು, ಯಾವತ್ತೂ ಹುಟ್ಟು ಹಾಕಿದೋನಲ್ಲ," ಅಂತ ಪಿಸುಗುಟ್ಟಿದೆ.

"ಮರ್ಯಾದೆ ಕಳೀಬೇಡ, ಹತ್ತು!"

ಹತ್ತಿದೆ. ಹರಿಗೋಲಿಗೆ ಮುಂದೂ ಇಲ್ಲ, ಹಿಂದೂ ಇಲ್ಲ. ನಾನು ಹುಟ್ಟು ಹಾಕಿದಷ್ಟೂ ಅದು ಇದ್ದಲ್ಲೇ ಗಿರಗಿರ ತಿರುಗಿತು. ಪೂಜಾರಪ್ಪ ಬಾಗಿನದ ಮೊರವನ್ನು ಎದೆಗವುಚಿಕೊಂಡು, "ಅಯ್ಯೋ, ದಡ ಮುಟ್ಸಪ್ಪಾ, ನಾನು ಮಕ್ಕಳೊಂದಿಗ ಕಣೋ!" ಅಂತ ಬೊಬ್ಬೆ ಹಾಕಿದರು. ಏರಿ ಮೇಲಿನ ಜನ ಹೋ ಅಂತ ನಕ್ಕರು. ಅಪ್ಪಯ್ಯನ ಮುಖ ನೋಡೋ ಧೈರ್ಯ ನನಗಿರಲಿಲ್ಲ. ಎಲ್ಲಾ ಹಾಳಾಗಿ ಹೋಯ್ತು ಅಂದುಕೊಂಡೆ.

ಅಷ್ಟರಲ್ಲಿ ಏರಿ ಮೇಲಿಂದ ಅವರ ಗುಡುಗು ಕೇಳಿಸಿತು:

"ಬಾಯ್ಮುಚ್ರೋ! ಯುದ್ಧ ಮಾಡಿ ಬಂದೋನು ಕಣ್ರೋ ನನ್ ಮಗ! ಶತ್ರು ಯಾವ ದಿಕ್ಕಿಂದ ಬತ್ತಾನೋ ಅಂತ ಸುತ್ತ ನೋಡ್ತವ್ನೆ!"