ವಿಷಲ್ ವಿಶಾಲಾಕ್ಷಿಯ ಗುಣದೋಷಗಳು

ಅರ್ಥವಾಗದ್ದನ್ನು ಅರ್ಥವಾಗಲಿಲ್ಲ ಎಂದು ಒಪ್ಪಿಕೊಳ್ಳುವುದಕ್ಕೂ ಒಂದು ವಯಸ್ಸಿದೆ. ತಲೆ ನರೆತು, ಜನ ‘ಹಿರಿಯರು’ ಎಂದು ಕರೆಯಲು ಶುರುಮಾಡಿದ ಮೇಲೆ ಆ ಸೌಲಭ್ಯ ತಪ್ಪಿಹೋಗುತ್ತದೆ. ಆಮೇಲೆ ಅರ್ಥವಾಗದ್ದನ್ನೆಲ್ಲ ಗಹನವಾಗಿದೆ ಎನ್ನಬೇಕು. ನಾನು ಹಾಸನದ ಒಂದು ಪತ್ರಿಕೆಯಲ್ಲಿ ಮೂವತ್ತು ವರ್ಷ ಕರಡು ತಿದ್ದಿ, ಈಗ ಹೊಳೆನರಸೀಪುರದಲ್ಲಿ ನಿವೃತ್ತನಾಗಿ ಕೂತವನು. ಬಿದ್ದ ಒತ್ತಕ್ಷರ, ಜಾರಿದ ದೀರ್ಘ ನನ್ನ ಕಣ್ಣಿಗೆ ಮದುವೆಮನೆಯಲ್ಲೂ ಬೀಳುತ್ತವೆ. ಒಮ್ಮೆ ಲಗ್ನಪತ್ರಿಕೆಯ ತಪ್ಪುಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ ಹೆಣ್ಣಿನ ತಂದೆಯ ಕೈಗೇ ಕೊಟ್ಟು, ಊಟಕ್ಕೆ ಏಳಿ ಎನ್ನುವವರಿಲ್ಲದೆ ಮನೆಗೆ ಬಂದದ್ದೂ ಉಂಟು. ಇಂಥ ನನ್ನನ್ನು ನಂಟರೆಲ್ಲ ದೊಡ್ಡ ಸಾಹಿತಿ ಎಂದು ತಪ್ಪು ತಿಳಿದಿದ್ದಾರೆ. ಆ ಒಂದು ತಪ್ಪನ್ನು ಮಾತ್ರ ನಾನು ತಿದ್ದಲು ಹೋಗಿಲ್ಲ.

ನನ್ನ ಹೆಂಡತಿಯ ತಂಗಿಯ ಮಗಳು ಸೌಮ್ಯ ಚನ್ನರಾಯಪಟ್ಟಣದಲ್ಲಿ ಡ್ರಾಯಿಂಗ್ ಟೀಚರು. ಎರಡು ವರ್ಷ ಕೂತು ಒಂದು ಸೂಪರ್ ಹೀರೋ ಕಾಮಿಕ್ಸ್ ಬರೆದಳು. ನಾಯಕಿ ವಿಶಾಲಾಕ್ಷಿ ಬಸ್ ಕಂಡಕ್ಟರು. ಅವಳು ವಿಷಲ್ ಊದಿದರೆ ಚಲಿಸುವುದೆಲ್ಲ ನಿಲ್ಲುತ್ತದೆ. ಖಳನಾಯಕ ಧೂಳಾಸುರ, ಶಾಂತಿಗ್ರಾಮದ ಹತ್ತಿರ ರಸ್ತೆ ಅಗೆದ ಧೂಳಿನಲ್ಲಿ ಹುಟ್ಟಿ ಬಸ್ಸು ನುಂಗುವವನು. ಅರಕಲಗೂಡಿನ ಪ್ರಕಾಶಕರೊಬ್ಬರು ಅರೆಮನಸ್ಸಿನಿಂದ ಮೊದಲ ಸಂಚಿಕೆ ಅಚ್ಚು ಹಾಕಿ, ಬಿಡುಗಡೆಯ ದಿನ ಯಾರಾದರೂ ಹಿರಿಯರು ಇದರ ಗುಣದೋಷ ಹೇಳಲಿ, ಎರಡನೇ ಸಂಚಿಕೆ ಬೇಕೋ ಬೇಡವೋ ಆಮೇಲೆ ನೋಡೋಣ ಎಂದರಂತೆ. “ಎಲ್ಲಾ ನಿಮ್ಮ ಮಾತಿನ ಮೇಲೇ ನಿಂತಿದೆ ದೊಡ್ಡಪ್ಪ,” ಎಂದು ಸೌಮ್ಯ ಪುಸ್ತಕ ಕೈಗಿಟ್ಟು ಹೋದಳು.

ಓದಲು ಕೂತೆ. ಪುಟಕ್ಕೆ ಆರು ಚೌಕ, ಎಡಗಡೆ ಮೂರು, ಬಲಗಡೆ ಮೂರು. ಪತ್ರಿಕೆಯ ಕಾಲಂ ಓದುವ ಹಾಗೆ ಎಡದ ಮೂರನ್ನು ಮೇಲಿಂದ ಕೆಳಗೆ ಮುಗಿಸಿ ಬಲದ ಮೂರಕ್ಕೆ ಹೋದೆ. ವಿಶಾಲಾಕ್ಷಿ ಕಾಫಿ ಕುಡಿದಳು, ಬಸ್ಸು ಹತ್ತಿದಳು, ಧೂಳಾಸುರ ಎದುರಿಗೆ ಬಂದು ಬಾಯಿ ತೆರೆದ. ಸರಿ. ಮುಂದಿನ ಚೌಕದಲ್ಲಿ ಅವಳ ತಾಯಿ ಅಡುಗೆಮನೆಯಲ್ಲಿ ನಿಂತು ಡಬ್ಬಿಗೆ ಮೊಸರನ್ನ ಹಾಕುತ್ತಿದ್ದಾರೆ. ರಾಕ್ಷಸ ಬಾಯಿ ತೆರೆದು ನಿಂತಿರುವಾಗ ಮೊಸರನ್ನವೇ ಎಂದು ನಾನು ಕನ್ನಡಕ ಒರೆಸಿ ಮತ್ತೆ ನೋಡಿದೆ. ಮೊಸರನ್ನವೇ. ಕೊನೆಯ ಪುಟವಂತೂ ಇನ್ನೂ ಗಹನವಾಗಿತ್ತು. ಧೂಳಾಸುರ ವಿಶಾಲಾಕ್ಷಿಯನ್ನು ನುಂಗುತ್ತಾನೆ, ಕಕ್ಕುತ್ತಾನೆ, ಪ್ರಯಾಣಿಕರು ಚಪ್ಪಾಳೆ ತಟ್ಟುತ್ತಾರೆ. ಇಷ್ಟೆಲ್ಲ ಆದ ಮೇಲೆ ಅವನ ಹೊಟ್ಟೆಯೊಳಗಿಂದ ವಿಷಲ್ ಕೇಳಿಸುತ್ತದೆ. ಮೂರು ದಿನ ಅದನ್ನೇ ಓದಿದೆ. ಹೆಂಡತಿ ಮಾತ್ರ ಹಾಲು ಉಕ್ಕುವಷ್ಟರಲ್ಲಿ ಇಡೀ ಪುಸ್ತಕ ಮುಗಿಸಿ ನಕ್ಕು, ಚೆನ್ನಾಗಿದೆಯಲ್ಲ ಎಂದಳು. ಪಾಪ, ಮೇಲುಮೇಲಿನ ಓದು ಎಂದು ನನಗೆ ಕನಿಕರವಾಯಿತು.

ಹಾಸನದಲ್ಲಿ ಬಿಡುಗಡೆ. ನಾನು ಒಪ್ಪವಾಗಿ ಬರೆದುಕೊಂಡು ಹೋಗಿದ್ದೆ. ಈ ಕೃತಿಯ ದೊಡ್ಡ ಶಕ್ತಿಯೆಂದರೆ ಕಾಲದ ತಿರುಗುಮುರುಗು ಎಂದೆ. ಆಪತ್ತು ಎದುರಿಗೆ ನಿಂತಾಗಲೂ ಮಗಳ ಡಬ್ಬಿ ಮರೆಯದ ತಾಯಿ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳ ಪ್ರತೀಕ ಎಂದೆ. ರಾಕ್ಷಸ ಸೋಲುವ ಮೊದಲೇ ತಟ್ಟಿದ ಚಪ್ಪಾಳೆಯಲ್ಲಿ ಜನರ ನಂಬಿಕೆ ಕಂಡೆ. ದೌರ್ಬಲ್ಯ ಒಂದೇ: ನಾಯಕಿ ತನ್ನ ವಿಷಲನ್ನು ರಾಕ್ಷಸನ ಹೊಟ್ಟೆಯಲ್ಲಿ ಬಿಟ್ಟುಬಂದದ್ದು ಕರ್ತವ್ಯದಲ್ಲಿರುವವರಿಗೆ ತಕ್ಕದ್ದಲ್ಲ. ಪ್ರಕಾಶಕರು ಒಂದೇ ಸಮನೆ ತಲೆಯಾಡಿಸಿದರು. ಸೌಮ್ಯ ಮಾತ್ರ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದಳು. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಎಂದುಕೊಂಡೆ.

ಉಪ್ಪಿಟ್ಟಿನ ಹೊತ್ತಿಗೆ, ಅತಿಥಿಯಾಗಿ ಬಂದಿದ್ದ ಮಂಜುಳಾ ಎಂಬ ನಿಜವಾದ ಕಂಡಕ್ಟರು ಪುಸ್ತಕ ಹಿಡಿದು ಹತ್ತಿರ ಬಂದರು.

“ಸಾ, ತಪ್ಪು ತಿಳ್ಕಬೇಡಿ. ವಿಷಲ್ಲು ವಟ್ಟೇಲಿ ಬಿಟ್ಟಿಲ್ಲ ಸಾ. ವಟ್ಟೆವಳಗೆ ಊದಿದ್ಕೇ ಅವ್ನು ಕಕ್ಕಿದ್ದು.” ಬೆರಳನ್ನು ಪುಟದ ಮೇಲೆ ಎಡದಿಂದ ಬಲಕ್ಕೆ ಎಳೆದು ತೋರಿಸಿದರು. “ಇಂಗೆ ಅಡ್ಡಡ್ಡ ಓಗ್ಬೇಕು ಸಾ. ನೀವು ಸೀದಾ ಕೆಳೀಕೆ ಇಳ್ದುಬುಟ್ಟಿದ್ದೀರಿ.”

ಅಡ್ಡ ಓದಿದೆ. ಮೊಸರನ್ನ ಬಸ್ಸಿಗಿಂತ ಮೊದಲೇ ಡಬ್ಬಿಗೆ ಬಿತ್ತು, ಚಪ್ಪಾಳೆ ಕೊನೆಗೆ ಬಂತು, ಎಲ್ಲ ಸೊಗಸಾಗಿ ಕೂತಿತು. ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟೆ. ಆ ಹುಡುಗಿಯ ಎರಡು ವರ್ಷದ ಶ್ರಮವನ್ನು ತುಂಬಿದ ಸಭೆಯಲ್ಲಿ ಕಲಸಿ ಇಟ್ಟಿದ್ದೆನಲ್ಲ ಎಂದು ನಿಜವಾಗಿಯೂ ನಾಚಿಕೆಯಾಯಿತು. ತಪ್ಪೊಪ್ಪಿಕೊಳ್ಳೋಣವೆಂದು ಪ್ರಕಾಶಕರ ಹತ್ತಿರ ಹೋದರೆ ಅವರು ನನ್ನ ಕೈಯನ್ನೇ ಹಿಡಿದುಕೊಂಡರು. ಅವರು ಪುಸ್ತಕವನ್ನು ಪೂರ್ತಿ ಓದಿರಲಿಲ್ಲವಂತೆ, ನನ್ನ ಮಾತಿನಿಂದ ಕಣ್ಣು ತೆರೆಯಿತಂತೆ. ಎರಡನೇ ಸಂಚಿಕೆ ಖಂಡಿತ, ಆದರೆ ಕಾಲದ ತಿರುಗುಮುರುಗು ಅದರಲ್ಲೂ ಇರಲೇಬೇಕು ಎಂದರು. ನಾನು ಬಾಯಿ ತೆರೆದರೆ ಸಂಚಿಕೆ ಹೋಗುತ್ತದೆ, ಮುಚ್ಚಿಕೊಂಡರೆ ಅದು ಕೆಡುತ್ತದೆ. ಮುಚ್ಚಿಕೊಂಡೆ. ಬಸ್ ಸ್ಟ್ಯಾಂಡಿನಲ್ಲಿ ಸೌಮ್ಯಳಿಗೆ ಎಲ್ಲವನ್ನೂ ಹೇಳಿ ತಲೆ ತಗ್ಗಿಸಿದಾಗ, ಇರಲಿ ಬಿಡಿ ದೊಡ್ಡಪ್ಪ, ಏನಾದರೂ ಮಾಡುತ್ತೇನೆ ಎಂದಳು.

ಮೊನ್ನೆ ಎರಡನೇ ಸಂಚಿಕೆ ಬಂತು. ಈ ಸಲ ನಾನು ಎಚ್ಚರದಿಂದಿದ್ದೆ. ಚೌಕಗಳ ಸಾಲಿನ ಕೆಳಗೆ ಅಡಿಕೋಲು ಇಟ್ಟುಕೊಂಡು, ಮಂಜುಳಾ ತೋರಿಸಿದಂತೆ ಎಡದಿಂದ ಬಲಕ್ಕೆ ಓದಿದೆ. ತಲೆಬುಡ ತಿಳಿಯಲಿಲ್ಲ. ಸೇತುವೆ ಕುಸಿದ ಮೇಲೆ ಅದರ ಮೇಲೆ ಬಸ್ಸು ಬರುತ್ತದೆ. ವಿಶಾಲಾಕ್ಷಿ ಒದ್ದೆ ಸೀರೆ ಹಿಂಡಿಕೊಂಡ ಮೇಲೆ ಹೊಳೆಗೆ ಹಾರುತ್ತಾಳೆ. ಈ ಬಾರಿ ಸುಳ್ಳು ಹೊಗಳಿಕೆ ಬೇಡವೆಂದು ಎದೆ ಗಟ್ಟಿಮಾಡಿಕೊಂಡು, ಕಥೆ ಅಡ್ಡಾದಿಡ್ಡಿಯಾಗಿದೆ, ಮೊದಲ ಸಂಚಿಕೆಯ ಸ್ಪಷ್ಟತೆ ಇಲ್ಲ ಎಂದು ನಾಲ್ಕು ಪುಟ ದೋಷಗಳನ್ನೇ ಬರೆದು ಪ್ರಕಾಶಕರಿಗೆ ಅಂಚೆಗೆ ಹಾಕಿ, ಸೌಮ್ಯಳಿಗೆ ಫೋನು ಮಾಡಿದೆ.

“ದೊಡ್ಡಪ್ಪ, ಈ ಸಲ ಮೇಲಿಂದ ಕೆಳಗೇ ಬರ್ದಿದ್ದೀನಿ. ಅಡ್ಡ ಓದೋರಿಗೆ ಪ್ರಕಾಶಕರು ಕೇಳಿದ ತಿರುಗುಮುರುಗು ಸಿಗ್ಲಿ, ನಿಮಗೊಬ್ಬರಿಗಾದ್ರೂ ನೇರವಾಗಿ ಅರ್ಥವಾಗ್ಲಿ ಅಂತ.”

ಮೂವತ್ತು ವರ್ಷ ಊರಿನವರ ತಪ್ಪನ್ನೆಲ್ಲ ತಿದ್ದಿದ ನಾನು, ಜೀವನದಲ್ಲಿ ನನ್ನನ್ನು ತಿದ್ದಿಕೊಂಡದ್ದು ಒಂದೇ ಸಲ. ಅದೂ ತಪ್ಪಾಯಿತು.