ಮಂಚದ ಕೆಳಗಿನ ನಿರ್ದೇಶಕಿ

ನಮ್ಮ ಚಿಗವ್ವ ಸಿನಿಮಾ ತೆಗೆಯುತ್ತಾಳೆ ಎಂದರೆ ಜನ ನಂಬುತ್ತಾರೆ. ತೆಗೆಯುವಾಗ ಮಂಚದ ಕೆಳಗೆ ಮಲಗಿರುತ್ತಾಳೆ ಎಂದರೆ ಮಾತ್ರ ನನ್ನನ್ನೇ ಅನುಮಾನದಿಂದ ನೋಡುತ್ತಾರೆ. ಏನು ಮಾಡಲಿ? ಅವಳ ಕ್ಯಾಮೆರಾ ಅಂಥದ್ದು. ಅದಕ್ಕೆ ಹಿಂದು ಮುಂದು ಎಂಬುದೇ ಇಲ್ಲ. ಸುತ್ತಲಿನದನ್ನೆಲ್ಲ ಒಟ್ಟಿಗೆ ನುಂಗುತ್ತದೆ. ಆಮೇಲೆ ಕಣ್ಣಿಗೆ ಡಬ್ಬಿಯಂಥ ಕನ್ನಡಕ ಕಟ್ಟಿಕೊಂಡು ಕತ್ತು ತಿರುಗಿಸಿದರೆ, ನಾವೇ ಅಲ್ಲಿ ಕೂತಂತೆ ಎಲ್ಲ ಕಡೆಯೂ ಕಾಣುತ್ತದೆ. ಇದಕ್ಕೆ ವಿಆರ್ ಸಿನಿಮಾ ಎನ್ನುತ್ತಾರೆ. ಇದರಲ್ಲಿ ನಿರ್ದೇಶಕರಿಗೆ ಅಡಗಿಕೊಳ್ಳದೆ ಗತಿಯಿಲ್ಲ.

ಗಣಿತದ ಟೀಚರಾಗಿ ನಿವೃತ್ತರಾದವರು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಮನೆಯಲ್ಲಿರುವುದಿಲ್ಲವೇ? ಈಕೆ ಕಲಬುರಗಿಯ ಕಾಲೇಜೊಂದರ ಭಾನುವಾರದ ಸಿನಿಮಾ ತರಗತಿಗೆ ಸೇರಿದಳು. ಮೊದಲ ಸಿನಿಮಾ ಮನೆಯ ಪಡಸಾಲೆಯದು. ಅವಳ ಗಂಡ, ಅಂದರೆ ನಮ್ಮ ಕಾಕಾ, ಡಬ್ಬಿ ಕಟ್ಟಿಕೊಂಡು ಗಂಭೀರವಾಗಿ ಸುತ್ತ ನೋಡಿದರು.

“ಹೆಂಗ ಅದರಿ?”

“ಭಾಳ ಚಂದ ಅದ. ಆದ್ರ ಮಂಚದ ಬುಡಕ ಯಾರವೋ ಕಾಲು ಅದಾವ ನೋಡು.”

ಎರಡನೆಯದು ಸ್ಟೇಶನ್ ಬಜಾರಿನ ಚಹಾ ಅಂಗಡಿಯಲ್ಲಿ. ಕ್ಯಾಮೆರಾವನ್ನು ಬೆಂಚಿನ ಮೇಲೆ, ಕೂತವರ ಕಣ್ಣಿನ ಎತ್ತರಕ್ಕೆ ನಿಲ್ಲಿಸಿ ತಾನು ಗಲ್ಲಾದ ಹಿಂದೆ ಕುಕ್ಕರಿಸಿದಳು. ಆಗ ಬಂದ ಅಜ್ಜನೊಬ್ಬ ಕ್ಯಾಮೆರಾಕ್ಕೆ, “ಸ್ವಲ್ಪ ಸರೀರಿ ಸಾಹೇಬ್ರ” ಅಂದುಬಿಟ್ಟ! ಚಿಗವ್ವ ಹಾಳಾಯಿತೆಂದುಕೊಂಡಳು. ಕಲಿಸುವ ಮೇಷ್ಟ್ರು ಮಾತ್ರ ಕುಣಿದಾಡಿದರು.

“ಇದೇ ಬೇಕಾಗಿತ್ತರಿ ಮೇಡಂ. ಹಿಂಗ ಮಾತಾಡಿಸಿದ್ರ ನೋಡಾಂವಗ ತಾ ಅಲ್ಲೇ ಇದ್ದಂಗ ಅನಸ್ತದ.”

ಅವತ್ತು ದಾರಿಯುದ್ದಕ್ಕೂ ಚಿಗವ್ವ ‘ಅಲ್ಲೇ ಇದ್ದಂಗ’ ಎಂಬ ಮೇಷ್ಟ್ರ ಮಾತನ್ನೇ ಗುಣುಗುಟ್ಟುತ್ತ ಬಂದಳು.

ಕಾಕಾನ ಅಣ್ಣ, ನಮಗೆಲ್ಲ ದೊಡ್ಡಪ್ಪ, ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟ ನೋಡಿಕೊಂಡಿದ್ದಾರೆ. ಮಗಳ ಮದುವೆಗೆ ತಮ್ಮನ ಮನೆಗೆ ಬಂದು ಕರೆಯಲಿಲ್ಲ, ಮೊಬೈಲಿಗೆ ಕಾರ್ಡು ಕಳಿಸಿ ಸುಮ್ಮನಾದರು. “ಬಾಯಿಲೆ ಕರೀಲಾರದ ಮನಿಗೆ ನಾ ಹೋಗಂಗಿಲ್ಲ” ಎಂದು ಕಾಕಾ ಮದುವೆಗೇ ಹೋಗಲಿಲ್ಲ. “ಒಡಹುಟ್ಟಿದಾಂವಗ ಏನು ಕರಿಯೂದು?” ಎಂದು ದೊಡ್ಡಪ್ಪನೂ ಬಿಗಿದುಕೊಂಡರು. ಆ ಮದುಮಗಳ ಮಗು ಈಗ ಶಾಲೆಗೆ ಹೋಗುತ್ತಿದೆ. ಇವರಿಬ್ಬರ ಮಾತು ಇನ್ನೂ ಶುರುವಾಗಿರಲಿಲ್ಲ. ಅಣ್ಣತಮ್ಮಂದಿರನ್ನು ಮತ್ತೆ ಒಂದೇ ಪಂಕ್ತಿಯಲ್ಲಿ ಕೂರಿಸಬೇಕೆಂದು ಚಿಗವ್ವ ದೇವರಲ್ಲಿ ಬೇಡಿಕೊಳ್ಳದ ದಿನವಿಲ್ಲ.

ಮುಂದಿನ ಭಾನುವಾರ ನನ್ನನ್ನೂ ಎಳೆದುಕೊಂಡು ಕಮಲಾಪುರದ ಬಸ್ಸು ಹತ್ತಿದಳು. ತೋಟದ ನೆರಳಿನಲ್ಲಿ ಊಟಕ್ಕೆ ಚಾಪೆ ಹಾಸಿದ್ದರು. ದೊಡ್ಡಪ್ಪನ ಎದುರಿಗೆ ಕ್ಯಾಮೆರಾ ನಿಲ್ಲಿಸಿ, ಅದರ ಮುಂದೊಂದು ತಾಟು ಇಟ್ಟಳು.

“ಭಾವ, ಇದು ನಿಮ್ಮ ತಮ್ಮ ಅಂತ ತಿಳೀರಿ. ಏನರ ಮಾತಾಡ್ರಿ.”

“ತಲಿ ಕೆಟ್ಟದೇನವಾ ನಿಂದು?”

ನಾವಿಬ್ಬರೂ ಬಾಳೆಗಿಡಗಳ ಹಿಂದೆ ಮುದುಡಿ ಕೂತೆವು. ಸೊಳ್ಳೆ ಕಚ್ಚಿದರೂ ಕೈ ಎತ್ತುವಂತಿಲ್ಲ, ಎಲೆ ಅಲುಗಿದರೆ ಅದೂ ಸಿನಿಮಾದಲ್ಲಿ ಬರುತ್ತದಂತೆ! ದೊಡ್ಡಪ್ಪ ಎದುರಿನ ತಾಟಿಗೆ ರೊಟ್ಟಿ ಹಾಕುತ್ತ ಏನೋ ಅಂದರು. ನಮಗೆ ಕೇಳಿಸಲಿಲ್ಲ.

ಚಿಗವ್ವ ಅದನ್ನು ಕಂಪ್ಯೂಟರಿನಲ್ಲಿ ಜೋಡಿಸಿದ ಮೇಲೆ ಬನಿಯನ್ನಿನಲ್ಲಿ ಕೂತಿದ್ದ ಕಾಕಾನ ಕಣ್ಣಿಗೆ ಸುಮ್ಮನೆ ಡಬ್ಬಿ ಕಟ್ಟಿದಳು.

“ಇದು ಕಮಲಾಪುರ ಅಲ್ಲೇನು?” ಕಾಕಾ ಬಿಚ್ಚಲು ಕೈ ಎತ್ತಿದರು. ಅಷ್ಟರಲ್ಲಿ ಡಬ್ಬಿಯೊಳಗಿನ ದನಿ ನಮಗೂ ಕೇಳಿತು.

“ಪುಂಡಿಪಲ್ಯ ಮಾಡ್ಯಾರೋ ತಮ್ಮಾ. ನೀ ಇಲ್ಲದ ಬಾಯಿಗೆ ರುಚಿ ಹತ್ತವಲ್ದು. ನಾ ಕರಿಯಾಕತ್ತೀನಿ, ಬಂದುಬಿಡಪ್ಪ.”

ಎತ್ತಿದ ಕೈ ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಮುಂದೆ ಚಾಚಿ, ಗಾಳಿಯಲ್ಲಿ ಏನನ್ನೋ ಹಿಡಿಯಲು ನೋಡಿತು.

“ಅಣ್ಣನ ಕೈ ಯಾಕ ಇಷ್ಟು ನಡಗ್ತದ?”

“ಹೋದ ವರ್ಷದಿಂದ ಹಂಗೇ ಅದರಿ.”

“ನನಗ್ಯಾರೂ ಹೇಳಲಿಲ್ಲ.”

“ಆ ಮನಿ ಮಾತು ನೀವು ಎತ್ತಗೊಡ್ತಿದ್ದಿಲ್ಲ.”

ಡಬ್ಬಿಯ ಅಂಚಿನಿಂದ ಕಾಕಾನ ಕೆನ್ನೆಗೆ ನೀರು ಇಳಿಯಿತು.

“ಬರ್ತೀನಣ್ಣಾ,” ಎಂದರು ಕಾಕಾ, ಎದುರಿನ ಗೋಡೆಗೆ.

ಚಿಗವ್ವ ಒಳಗಿನಿಂದ ಒಗೆದ ಅಂಗಿ ತಂದು ಹಿಡಿದಳು. ಕಾಕಾ ಡಬ್ಬಿ ಬಿಚ್ಚದೆಯೇ, ತಡವರಿಸುತ್ತ ಅದರೊಳಗೆ ಒಂದು ತೋಳು ತೂರಿಸಿದರು.